ಹಳೇ ವಾಟರ್ ಪೋಲ್ ತಗೊಳ್ಳೋ ಮುಂಚೆ

ವಿಶಾಖಪಟ್ಟಣದಲ್ಲಿ ಗಾಜುವಾಕ ಪಕ್ಕದ ಆಟೋನಗರ್ ಥರದ ಕಡೆ ಶೋರೂಮ್ ಗಾಜು ತೊಳೆಯೋ ಕೆಲಸ ಹಿಡಿದಿದ್ದೀರಾ? ಸೆಕೆಂಡ್ ಹ್ಯಾಂಡ್ ಪೋಲ್ ಸಿಕ್ಕರೆ ಮೊದಲು ಬೆಲೆ ಕೇಳ್ಬೇಡಿ, ಯಾವುದರಿಂದ ಮಾಡಿದ್ದು ಅಂತ ಕೇಳಿ. ಕಾರ್ಬನ್ ಫೈಬರ್ ಹಗುರ, ಎತ್ತರಕ್ಕೆ ಹೋದ್ರೂ ಹೆಚ್ಚು ಬಾಗಲ್ಲ. ಆದರೆ ಅದರಲ್ಲಿ ಕರೆಂಟ್ ಹರಿಯುತ್ತೆ, ಅಲ್ಯೂಮಿನಿಯಂನಲ್ಲಿ ಹರಿಯೋ ಹಾಗೇ. ಗ್ಲಾಸ್ ಫೈಬರ್ ಒಣಗಿದ್ದಾಗ ಸರಿ, ಒದ್ದೆಯಾದ ಮೇಲೆ ನಂಬೋಕಾಗಲ್ಲ. ನಮ್ಮ ಕೆಲಸವೇ ನೀರಿನದು ತಾನೆ? 11 ಕೆ.ವಿ. ತಂತಿ ಕಿಟಕಿ ಹತ್ತಿರ ಹೋಗಿದ್ರೆ ಯಾವ ಪೋಲೂ ಎತ್ತಬೇಡಿ, ಗಿರಾಕಿ ಎಷ್ಟೇ ಒತ್ತಾಯ ಮಾಡ್ಲಿ.

ಅಂಗಡಿ ಮುಂದೆಯೇ ಪೂರ್ತಿ ಎಳೆದು ನಿಲ್ಲಿಸಿ. ಕ್ಲ್ಯಾಂಪ್ ಬಿಗಿ ಮಾಡಿ ಕೆಳಕ್ಕೆ ಒತ್ತಿ, ಜಾರುತ್ತಾ ನೋಡಿ. ಆಮೇಲೆ ಒಂದು ನಾಣ್ಯ ತಗೊಂಡು ಉದ್ದಕ್ಕೂ ತಟ್ತಾ ಹೋಗಿ. ಟಣ್ ಅನ್ನೋ ಸದ್ದು ಎಲ್ಲಾದ್ರೂ ಮಂಕಾದ್ರೆ ಒಳಗೆ ಪದರ ಬಿಟ್ಟಿರಬಹುದು, ಅಂಥದ್ದು ಪುಕ್ಕಟೆ ಕೊಟ್ರೂ ಬೇಡ. ಬ್ರಷ್, ಪೈಪು ಸವೆದಿದ್ರೆ ಪರವಾಗಿಲ್ಲ, ಬದಲಾಯಿಸಬಹುದು.

ದುಡ್ಡೆಲ್ಲ ಪೋಲಿಗೇ ಸುರೀಬೇಡಿ. ಗಾಜು ಒರೆಸದೆ ತಾನೇ ಒಣಗಬೇಕು ಅಂದ್ರೆ ನೀರಿನ ಟಿಡಿಎಸ್ ಸೊನ್ನೆ ಹತ್ರ ಇರಬೇಕು. ಬೋರ್‌ವೆಲ್ ನೀರು ಬಿಟ್ರೆ ಬಿಳಿ ಕಲೆ ಗ್ಯಾರಂಟಿ. ಆರ್‌ಒ ನೀರೂ ಸಾಲಲ್ಲ, ಅದರ ಮುಂದೆ ರೆಸಿನ್ ಫಿಲ್ಟರ್ ಬೇಕು.