ಕಡಲಿಗಿಳಿಯದ ನಲವತ್ತು ಹಡಗುಗಳು

(ಪೀರನವಾಡಿಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಪೀರನವಾಡಿಯವರಿಗೆ ಹಡಗಿನ ಮಾತೇಕೆ ಎಂದು ಯಾರಾದರೂ ಕೇಳಬಹುದು. ಊರ ಮುಂದಿನ ರಸ್ತೆ ಹಿಡಿದು ಖಾನಾಪುರ ದಾಟಿದರೆ ಕಾಡು. ಕಾಡು ಕಳೆದು ಘಟ್ಟ ಇಳಿದರೆ ಕಡಲು. ಕಾರವಾರದ ಬಳಿ ಕಾಳಿ ನದಿ ಸಮುದ್ರ ಸೇರುವಲ್ಲಿ ಸದಾಶಿವಗಡವಿದೆ. ಇನ್ನೂರು ವರ್ಷಗಳಿಗೂ ಹಿಂದೆ ಆ ದಂಡೆಯಲ್ಲಿ ಒಂದು ದೊಡ್ಡ ನೌಕಾಪಡೆಯ ಹಡಗುಗಳನ್ನು ಕಟ್ಟಬೇಕೆಂಬ ಹುಕುಂ ಹೊರಟಿತ್ತು. ಆ ಪಡೆ ಕಡಲಿಗೆ ಇಳಿಯಲೇ ಇಲ್ಲ.

ಹುಕುಂ ಹೊರಡಿಸಿದವನು ಟಿಪ್ಪು ಸುಲ್ತಾನ್, ವರ್ಷ 1796. ನೌಕಾಡಳಿತ ನೋಡಿಕೊಳ್ಳಲು ಹನ್ನೊಂದು ಮಂದಿ ‘ಮೀರ್ ಯಮ್’ಗಳ ಮಂಡಳಿಯನ್ನು ಆತ ನೇಮಿಸಿದ. ಯೋಜನೆಯಲ್ಲಿದ್ದುದು ಸುಮಾರು 40 ಹಡಗು. ಅರ್ಧದಷ್ಟು ದೊಡ್ಡ ಸಮರನೌಕೆಗಳು, ಉಳಿದವು ವೇಗದ ಫ್ರಿಗೇಟುಗಳು. ಸಮರನೌಕೆಗಳಲ್ಲಿ ದೊಡ್ಡವಕ್ಕೆ 72 ತೋಪು. ಹಡಗು ಕಟ್ಟಲು ಮಂಗಳೂರು, ಮಿರ್ಜಾನಿನ ಕಡೆಯ ಹಿನ್ನೀರು ಮತ್ತು ಸದಾಶಿವಗಡ ಎಂಬ ಮೂರು ನೆಲೆಗಳನ್ನು ಗೊತ್ತು ಮಾಡಲಾಗಿತ್ತು.

ಇದಕ್ಕೆ ಕಾರಣವೂ ಇತ್ತು. 1780ರ ಡಿಸೆಂಬರಿನಲ್ಲಿ ಬ್ರಿಟಿಷ್ ಅಡ್ಮಿರಲ್ ಎಡ್ವರ್ಡ್ ಹ್ಯೂಸ್ ಮಂಗಳೂರಿಗೇ ಬಂದು ಹೈದರಾಲಿಯ ಹಡಗುಗಳನ್ನು ನಾಶ ಮಾಡಿದ್ದ. 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಮೈಸೂರು ತನ್ನ ರಾಜ್ಯದ ಅರ್ಧ ಭಾಗವನ್ನು ಕಳೆದುಕೊಂಡಿತು. ಅದರೊಂದಿಗೆ ಮಲಬಾರ್ ಕರಾವಳಿಯೂ ಹೋಯಿತು. ನೆಲದ ಮೇಲೆ ಎಷ್ಟೇ ಕಾದಾಡಿದರೂ ಶತ್ರುವಿನ ದಂಡು, ಮದ್ದುಗುಂಡು ಬರುವುದು ಕಡಲಿನ ದಾರಿಯಿಂದ. ಆ ದಾರಿಯನ್ನು ತಡೆಯಬೇಕಿತ್ತು.

ಈ ಯೋಜನೆಯನ್ನು ಹೊಗಳುವವರು ಟಿಪ್ಪುವನ್ನು ಮಹಾ ನೌಕಾಪಡೆಯ ಒಡೆಯನೆಂದೇ ಹೇಳಿಬಿಡುತ್ತಾರೆ. ತೆಗಳುವವರು ಹಗಲುಗನಸೆಂದು ತಳ್ಳಿಹಾಕುತ್ತಾರೆ. ಎರಡಕ್ಕೂ ಮೊದಲು ಕಾಗದದ ಹಡಗನ್ನು ಅದೇ ಕಾಲದ ನಿಜವಾದ ಹಡಗಿನ ಪಕ್ಕದಲ್ಲಿಟ್ಟು ನೋಡಬೇಕು.

ಆಗ ಬ್ರಿಟನ್, ಫ್ರಾನ್ಸ್‌ಗಳ ನೌಕಾಪಡೆಯ ಬೆನ್ನೆಲುಬು 74 ತೋಪಿನ ಹಡಗು. ಉದ್ದ ಸುಮಾರು 50 ಮೀಟರ್. ತೋಪುಗಳ ಸಾಲಿಗೆ ಎರಡು ಅಂತಸ್ತು. ನಡೆಸಲು 550ಕ್ಕೂ ಹೆಚ್ಚು ಜನ. ಅಂದರೆ ಟಿಪ್ಪು ಬಯಸಿದ 72 ತೋಪಿನ ನೌಕೆ ಕಂಡು ಕೇಳರಿಯದ ದೈತ್ಯವೇನಲ್ಲ, ಕಾಲದ ಅಳತೆಗೆ ತಕ್ಕದ್ದೇ. ಮರವೂ ಇತ್ತು. ಪಶ್ಚಿಮ ಕರಾವಳಿಯ ತೇಗ, ಅಂದರೆ ನಮ್ಮ ಸಾಗವಾನಿ, ಇಂಗ್ಲೆಂಡಿನ ಓಕ್ ಮರಕ್ಕಿಂತ ಹೆಚ್ಚು ಬಾಳುತ್ತದೆ. ಮುಂಬಯಿಯಲ್ಲಿ ವಾಡಿಯಾ ಮನೆತನದವರು ತೇಗದಿಂದಲೇ 1810ರಲ್ಲಿ 74 ತೋಪಿನ ‘ಮಿಂಡನ್’ ಕಟ್ಟಿದರು. ಅವರೇ 1817ರಲ್ಲಿ ನೀರಿಗಿಳಿಸಿದ ‘ಟ್ರಿಂಕೋಮಲೀ’ ಫ್ರಿಗೇಟು ಇಂದಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ತೇಲುತ್ತಿದೆ. ಈ ದಂಡೆಯ ಮರಕ್ಕೂ ಬಡಗಿಯ ಕೈಗೂ ಅಂಥ ಕೆಲಸ ಅಸಾಧ್ಯವಾಗಿರಲಿಲ್ಲ.

ಹಾಗಾದರೆ ಕೊರತೆ ಎಲ್ಲಿತ್ತು? ಲೆಕ್ಕ ಹಾಕಿದರೆ ತಿಳಿಯುತ್ತದೆ. ಹಡಗಿಗೆ 550 ಜನರಂತೆ 20 ಸಮರನೌಕೆಗಳಿಗೇ 11,000 ಪಳಗಿದ ಖಲಾಸಿಗಳು, ಗೋಲಂದಾಜರು ಬೇಕು. ಫ್ರಿಗೇಟುಗಳದು ಬೇರೆ. ಅಂಥವರು ಒಂದು ಹುಕುಮಿನಿಂದ ಹುಟ್ಟುವುದಿಲ್ಲ. ಲವಜಿ ವಾಡಿಯಾ ಸೂರತ್ತಿನಿಂದ ಮುಂಬಯಿಗೆ ಬಂದದ್ದು 1736ರಲ್ಲಿ. ಮಿಂಡನ್‌ನ ಹಿಂದೆ ಎಪ್ಪತ್ತು ವರ್ಷಗಳ ಕಸುಬು ಇತ್ತು. ಟಿಪ್ಪುವಿಗೆ ಸಿಕ್ಕಿದ್ದು ಮೂರೇ ವರ್ಷ. ಕಟ್ಟುತ್ತಿರುವ ಹಡಗನ್ನು ಕಾಯುವುದಕ್ಕೂ ಹಡಗೇ ಬೇಕು. ಆದರೆ ಆ ಕಡಲು ಆಗಲೇ ಶತ್ರುವಿನ ಕೈಯಲ್ಲಿತ್ತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಯೋಜನೆಯೂ ಅಲ್ಲಿಗೇ ಮುಗಿಯಿತು.

ಇದು ಬಡ ರಾಜ್ಯದ ಕಥೆ ಮಾತ್ರವಲ್ಲ. ಎರಡನೆಯ ಮಹಾಯುದ್ಧದಲ್ಲಿ ಸಿರಿವಂತ ದೇಶಗಳ ನಕ್ಷೆಗಳಿಗೂ ಇದೇ ಗತಿಯಾಯಿತು. ಜರ್ಮನಿಯ ನಿಜವಾದ ‘ಬಿಸ್ಮಾರ್ಕ್’ 42,000 ಟನ್ನಿನ ಆಸುಪಾಸಿನದು. ಕಾಗದದ ಮೇಲೆ ಬರೆದ ‘ಎಚ್-44’ 1,30,000 ಟನ್ ದಾಟಿತ್ತು. ಅಮೆರಿಕದ ‘ಅಯೋವಾ’ಗೆ 16 ಅಂಗುಲದ 9 ತೋಪು, 1940ರಲ್ಲಿ ಒಪ್ಪಿಗೆ ಪಡೆದ ‘ಮೊಂಟಾನಾ’ಗೆ 12. ಆದರೆ ಮೊಂಟಾನಾದ ಅಗಲ ಆಗಿನ ಪನಾಮಾ ಕಾಲುವೆಯ 33.5 ಮೀಟರಿನ ಕಟ್ಟೆಯಲ್ಲಿ ತೂರುತ್ತಿರಲಿಲ್ಲ, ವೇಗವೂ ಅಯೋವಾಗಿಂತ ಕಡಿಮೆ. ಯುದ್ಧದ ಗೆಲುವು ವಿಮಾನವಾಹಕ ನೌಕೆಗಳ ಕಡೆ ವಾಲಿದ್ದರಿಂದ 1943ರಲ್ಲಿ ಐದೂ ಹಡಗುಗಳು ರದ್ದಾದವು. ಜಪಾನ್ ಕಟ್ಟಿಯೇಬಿಟ್ಟ ‘ಯಮಾಟೊ’ ಜಗತ್ತಿನ ಅತಿ ದೊಡ್ಡ ಸಮರನೌಕೆ. 1945ರ ಏಪ್ರಿಲ್ 7ರಂದು ಅದನ್ನು ಮುಳುಗಿಸಿದ್ದು ತೋಪುಗಳಲ್ಲ, ವಿಮಾನಗಳು. ಕಾಗದದ ಹಡಗಿಗೆ ಬಿರುಗಾಳಿಯಿಲ್ಲ, ಸಂಬಳದ ಬಾಕಿಯಿಲ್ಲ, ಶತ್ರುವಿನ ಹೊಸ ಆಯುಧವಿಲ್ಲ. ಆದ್ದರಿಂದಲೇ ಹೋಲಿಕೆಯಲ್ಲಿ ಅದು ಯಾವಾಗಲೂ ಗೆಲ್ಲುತ್ತದೆ.

ಸದಾಶಿವಗಡದಿಂದ ಸ್ವಲ್ಪ ದೂರದಲ್ಲಿ, ಕಾರವಾರದ ದಕ್ಷಿಣಕ್ಕೆ, ಈಗ ನಿಜವಾದ ನೌಕಾನೆಲೆಯಿದೆ. 1986ರಲ್ಲಿ ಶಂಕುಸ್ಥಾಪನೆಯಾದ ‘ಸೀಬರ್ಡ್’ ಯೋಜನೆ ಐಎನ್‌ಎಸ್ ಕದಂಬವಾಗಿ ಸೇವೆಗೆ ಸೇರಿದ್ದು 2005ರಲ್ಲಿ. ಸ್ವತಂತ್ರ ದೇಶದ ಬೊಕ್ಕಸವಿದ್ದೂ, ಯುದ್ಧದ ಅವಸರವಿಲ್ಲದೆಯೂ ಹತ್ತೊಂಬತ್ತು ವರ್ಷ ಹಿಡಿಯಿತು. ಅದಕ್ಕಾಗಿ ಸಾವಿರಾರು ಕುಟುಂಬಗಳು ಮನೆ, ಹೊಲ, ಮೀನು ಹಿಡಿಯುವ ದಂಡೆಗಳನ್ನು ಬಿಟ್ಟು ಎದ್ದವು.

ಹಡಗಿನ ಬೆಲೆ ಇರುವುದು ತೋಪಿನ ಎಣಿಕೆಯಲ್ಲಲ್ಲ. ಅದಕ್ಕೆ ತಗಲಿದ ವರ್ಷಗಳಲ್ಲಿ, ಜನರಲ್ಲಿ. ಟಿಪ್ಪುವಿನ ಅಳತೆ ತಪ್ಪಿರಲಿಲ್ಲ, ಮರ ಕಡಿಮೆಯಿರಲಿಲ್ಲ. ತಡವಾಗಿತ್ತು, ಅಷ್ಟೇ.