ಹನ್ನೆರಡು ಮನೆಗಳಿಗೆ ಒಂದು ಕೊಳವೆಬಾವಿ

(ಗ್ರಾಮಸ್ಥರು ಮತ್ತು ಕಾಲೇಜು ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಅಡಿಕೆಯ ಕೊಳೆರೋಗ, ಮಣ್ಣಿನ ಹುಳಿ ಇವುಗಳ ಬಗ್ಗೆ ಮಾತನಾಡುವವನು ಇಂದು ಫ್ಲ್ಯಾಟುಗಳ ವಿಷಯವನ್ನೇಕೆ ಎತ್ತಿಕೊಂಡನೆಂದು ನಿಮಗೆ ಆಶ್ಚರ್ಯವಾಗಬಹುದು. ಫ್ಲ್ಯಾಟು ಬೆಂಗಳೂರಿನ ಸಂಗತಿ, ನಮಗೇಕೆ ಎಂದು ನಾನೂ ಬಹುಕಾಲ ಭಾವಿಸಿದ್ದೆ. ಆದರೆ ಈಗ ಮಲೆನಾಡಿನ ತಾಲ್ಲೂಕು ಕೇಂದ್ರಗಳಲ್ಲಿಯೂ ಗುಡ್ಡದ ಇಳಿಜಾರನ್ನು ಕಡಿದು ವಸತಿ ಸಮುಚ್ಚಯಗಳನ್ನು ಕಟ್ಟಲಾಗಿದೆ. ತೋಟ ನೋಡಿಕೊಳ್ಳಲು ಕೈಲಾಗದ ಹಿರಿಯರು, ಮಕ್ಕಳ ಓದಿಗಾಗಿ ಪೇಟೆಗೆ ಬಂದವರು ಅಲ್ಲಿ ನೆಲೆಸಿದ್ದಾರೆ. ನನ್ನ ಸೋದರತ್ತೆಯೂ ಅಂತಹ ಒಂದು ಕಟ್ಟಡದ ನೆಲಮಹಡಿಯಲ್ಲಿದ್ದಾರೆ.

ಆ ಕಟ್ಟಡದಲ್ಲಿ ಹನ್ನೆರಡು ಮನೆಗಳು, ಒಂದು ಕೊಳವೆಬಾವಿ, ಒಂದು ಸೆಪ್ಟಿಕ್ ಟ್ಯಾಂಕು. ಮೇಲಿನ ಮಹಡಿಯ ಎರಡು ಮನೆಗಳ ಮಾಲೀಕರು ಬೇರೆ ಊರಿನಲ್ಲಿರುವವರು. ಅವುಗಳನ್ನು ಒಬ್ಬರು ಒಟ್ಟಾಗಿ ಬಾಡಿಗೆಗೆ ಹಿಡಿದು, ಪ್ರವಾಸಿಗರಿಗೆ ದಿನದ ಲೆಕ್ಕದಲ್ಲಿ ಕೊಡಲಾರಂಭಿಸಿದರು. ವಾರಾಂತ್ಯದಲ್ಲಿ ಒಂದೊಂದು ಮನೆಯಲ್ಲಿ ಹನ್ನೆರಡು ಜನ ಮಲಗುತ್ತಿದ್ದರು. ಅವರಿಗೆ ಊಟ ಒದಗಿಸಲು ಮೂರನೆಯ ಮನೆಯೊಂದು ಅಡುಗೆಕೋಣೆಯಾಯಿತು. ಮಾರ್ಚ್ ತಿಂಗಳ ಹೊತ್ತಿಗೆ ಬೆಳಿಗ್ಗೆ ಒಂಬತ್ತು ಗಂಟೆಗೇ ತೊಟ್ಟಿ ಬರಿದಾಗತೊಡಗಿತು. ಟ್ಯಾಂಕರಿನ ನೀರು ತರಿಸಿ, ಅದರ ಖರ್ಚನ್ನು ಹನ್ನೆರಡು ಮನೆಗಳಿಗೂ ಸಮನಾಗಿ ಹಂಚಲಾಯಿತು. ಒಂಟಿಯಾಗಿ ದಿನಕ್ಕೆ ನಾಲ್ಕು ಬಿಂದಿಗೆ ನೀರು ಬಳಸುವ ನನ್ನ ಅತ್ತೆಗೂ ಅಷ್ಟೇ ಪಾಲು. ಸಭೆಯಲ್ಲಿ ಅವರು ಪ್ರಶ್ನಿಸಿದಾಗ ದೊರೆತ ಉತ್ತರ: “ಅಮ್ಮ, ನಮ್ಮ ಮನೆ, ನಾವು ಏನು ಬೇಕಾದರೂ ಮಾಡಿಕೊಳ್ಳುತ್ತೇವೆ.”

ಈ ಉತ್ತರ ಸರಿಯೇ ಎಂಬುದನ್ನು ಮೊದಲು ಲೆಕ್ಕದಿಂದ ನೋಡೋಣ. ಕಟ್ಟಡಗಳ ನೀರಿನ ಅಗತ್ಯವನ್ನು ಕುರಿತು ಭಾರತೀಯ ಮಾನಕ ಸಂಸ್ಥೆಯ ಸಂಹಿತೆಯೊಂದಿದೆ (ಐ.ಎಸ್. 1172, 1993). ವಾಸದ ಮನೆಗೆ ತಲೆಗೆ ದಿನಕ್ಕೆ 135 ಲೀಟರ್ ಎಂದು ಹಿಡಿಯೋಣ; ವಸತಿಗೃಹಕ್ಕೆ ಹಾಸಿಗೆಯೊಂದಕ್ಕೆ 180 ಲೀಟರ್; ಉಪಾಹಾರಗೃಹಕ್ಕೆ ಆಸನವೊಂದಕ್ಕೆ 70 ಲೀಟರ್; ಕಚೇರಿಗೆ ತಲೆಗೆ 45 ಲೀಟರ್. ಮನೆಗೆ ನಾಲ್ವರಂತೆ ಹನ್ನೆರಡು ಮನೆಗಳಿಗೆ 48 ಜನ, ಅಂದರೆ ದಿನಕ್ಕೆ 6,480 ಲೀಟರ್. ಈಗ ಎರಡು ಮನೆಗಳಲ್ಲಿ ಹನ್ನೆರಡು ಹನ್ನೆರಡು ಹಾಸಿಗೆಗಳನ್ನು ಹಾಕಿರಿ. ಉಳಿದ ಹತ್ತು ಮನೆಗಳಿಗೆ 5,400 ಲೀಟರ್, ಆ ಎರಡಕ್ಕೇ 4,320 ಲೀಟರ್. ಒಟ್ಟು 9,720. ಅಂದರೆ ಎರಡು ಮನೆಗಳ ವ್ಯಾಪಾರದಿಂದ ಇಡೀ ಕಟ್ಟಡದ ಬಳಕೆ ಒಂದೂವರೆ ಪಟ್ಟಾಯಿತು. ಅಡುಗೆಮನೆಯ ಲೆಕ್ಕ ಇದರಲ್ಲಿ ಸೇರಿಲ್ಲ.

ಒಳಗೆ ಹೋದ ನೀರಿನಲ್ಲಿ ಹೆಚ್ಚಿನ ಭಾಗ ಹೊರಗೆ ಬರಲೇಬೇಕು. ಸೆಪ್ಟಿಕ್ ಟ್ಯಾಂಕನ್ನು ಬಳಸುವವರ ಸಂಖ್ಯೆ ನೋಡಿಯೇ ಕಟ್ಟಲಾಗುತ್ತದೆ. ಕೊಳೆನೀರು ಅದರಲ್ಲಿ ಒಂದೆರಡು ದಿನ ನಿಂತು, ಘನಪದಾರ್ಥ ತಳಕ್ಕಿಳಿದು, ತಿಳಿ ಮಾತ್ರ ಇಂಗುಗುಂಡಿಗೆ ಹೋಗಬೇಕು. ನೀರು ಒಂದೂವರೆ ಪಟ್ಟಾದಾಗ ನಿಲ್ಲುವ ಕಾಲ ಮೂರರಲ್ಲಿ ಎರಡು ಪಾಲಿಗೆ ಇಳಿಯುತ್ತದೆ. ತಳಕ್ಕಿಳಿಯದ ಹೊಲಸು ಇಂಗುಗುಂಡಿಗೆ ನುಗ್ಗುತ್ತದೆ. ಅಡುಗೆಮನೆಯ ಜಿಡ್ಡು ಅದರ ಜೊತೆ ಸೇರಿದರೆ ಗುಂಡಿಯ ಮಣ್ಣಿನ ರಂಧ್ರಗಳು ಕಟ್ಟಿಕೊಳ್ಳುತ್ತವೆ. ಬಯಲುಸೀಮೆಯಲ್ಲಾದರೆ ಅದು ಅಲ್ಲಿಯೇ ಉಕ್ಕಿ ನಾರುತ್ತದೆ, ಮಾಡಿದವರ ಮೂಗಿಗೇ ಬಡಿಯುತ್ತದೆ. ನಮ್ಮದು ಇಳಿಜಾರು, ಅದರಲ್ಲೂ ಜಂಬಿಟ್ಟಿಗೆಯ ನೆಲ. ಆ ಕಲ್ಲಿನ ತೂತುಗಳಲ್ಲಿ ನೀರು ಶೋಧಿಸಲ್ಪಡದೆ ವೇಗವಾಗಿ ಕೆಳಕ್ಕೆ ಹರಿಯುತ್ತದೆ. ಮಳೆಗಾಲದಲ್ಲಿ ಅಂತರ್ಜಲ ಮೇಲೇರಿದಾಗ ಇಂಗುಗುಂಡಿಗೂ ಕೆಳಗಿನ ತೆರೆದ ಬಾವಿಗೂ ನಡುವೆ ಅಡ್ಡಿಯೇ ಇರುವುದಿಲ್ಲ. ಹೀಗಾಗಿ ಜುಲೈಯಲ್ಲಿ ವಾಸನೆ ಬಂದದ್ದು ಫ್ಲ್ಯಾಟಿನ ವ್ಯಾಪಾರಿಗಲ್ಲ, ಗುಡ್ಡದ ಬುಡದಲ್ಲಿರುವ ಕೂಲಿ ಕುಟುಂಬವೊಂದರ ಬಾವಿಗೆ. ಆ ಕುಟುಂಬದವರಿಗೆ ಸಮುಚ್ಚಯದ ಸಭೆಯಲ್ಲಿ ಮತವಿಲ್ಲ, ಮಾತೂ ಇಲ್ಲ.

ಇಲ್ಲಿರುವ ಹಿರಿಯರಿಗೆ ಸೊಪ್ಪಿನ ಬೆಟ್ಟದ ವಿಷಯವನ್ನು ವಿವರಿಸಬೇಕಾಗಿಲ್ಲ. ಉತ್ತರ ಕನ್ನಡದ ಘಟ್ಟದ ಮೇಲೆ ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟದ ಸೌಲಭ್ಯವಿದೆ. ಸೊಪ್ಪು, ದರಗು, ಹುಲ್ಲು ನಿಮ್ಮ ತೋಟಕ್ಕೆ, ನಿಮ್ಮ ಕೊಟ್ಟಿಗೆಗೆ. ಆದರೆ ಲಾರಿ ತಂದು ಸೊಪ್ಪು ತುಂಬಿ ಮಾರಲು ಹೊರಟರೆ ಅದು ಹಕ್ಕಾಗುವುದಿಲ್ಲ. ತೋಟದ ಅಗತ್ಯಕ್ಕೆ ಒಂದು ಮಿತಿಯಿದೆ, ಮಾರುಕಟ್ಟೆಯ ಬೇಡಿಕೆಗೆ ಮಿತಿಯೆಂಬುದೇ ಇಲ್ಲ. ಫ್ಲ್ಯಾಟಿನ ಕೊಳವೆಬಾವಿ, ಮೆಟ್ಟಿಲು, ಅಂಗಳ, ಕೊಳೆಗುಂಡಿ ಇವೆಲ್ಲ ಆ ಕಟ್ಟಡದ ಬೆಟ್ಟವೆಂದೇ ನಾನು ಭಾವಿಸುತ್ತೇನೆ.

ಕಾನೂನೂ ಬಹುಮಟ್ಟಿಗೆ ಹೀಗೆಯೇ ಯೋಚಿಸಿದೆ. ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ 1972ರಲ್ಲಿ ರೂಪುಗೊಂಡಿತು. ಮುಖ್ಯವಾಗಿ ವಾಸಕ್ಕೆಂದಿರುವ ಕಟ್ಟಡಗಳನ್ನು ಗಮನದಲ್ಲಿಟ್ಟು ರಚಿಸಿದ ಕಾಯ್ದೆ ಅದು. ನಾಲ್ಕು ಗೋಡೆಗಳ ಒಳಗಿನ ಮನೆ ಮಾಲೀಕನದು. ಉಳಿದದ್ದರಲ್ಲಿ ಅವನಿಗೆ ಅವಿಭಕ್ತ ಪಾಲು ಮಾತ್ರ. ಮನೆಯನ್ನು ಯಾವ ಉದ್ದೇಶಕ್ಕೆ ಬಳಸಬಹುದೆಂಬುದು ನೋಂದಾಯಿತ ಘೋಷಣಾಪತ್ರ ಮತ್ತು ಉಪವಿಧಿಗಳಲ್ಲಿರುತ್ತದೆ. ಕೊಳ್ಳುವಾಗ ಅದನ್ನು ಓದುವವರು ವಿರಳ. ನನ್ನ ಅತ್ತೆಯ ಕಟ್ಟಡದ ಘೋಷಣಾಪತ್ರ ಯಾರ ಬಳಿಯೂ ಇರಲಿಲ್ಲ. ಉಪನೋಂದಣಾಧಿಕಾರಿಗಳ ಕಚೇರಿಯಿಂದ ನಕಲು ತರಿಸಿ ನೋಡಿದರೆ “ವಾಸಕ್ಕೆ ಮಾತ್ರ” ಎಂದು ಸ್ಪಷ್ಟವಾಗಿ ಬರೆದಿತ್ತು! ಇದಲ್ಲದೆ ವ್ಯಾಪಾರಕ್ಕೆ ಸ್ಥಳೀಯ ಸಂಸ್ಥೆಯ ಪರವಾನಗಿ ಬೇಕು. ವಿದ್ಯುತ್ತಿಗೆ ಗೃಹಬಳಕೆಯ ದರ ಬೇರೆ, ವಾಣಿಜ್ಯ ದರ ಬೇರೆ. ಮನೆಬಳಕೆಯ 14.2 ಕಿಲೋ ಅನಿಲದ ಸಿಲಿಂಡರನ್ನು ವ್ಯಾಪಾರದ ಅಡುಗೆಗೆ ಉಪಯೋಗಿಸುವಂತಿಲ್ಲ. ಅದಕ್ಕೆ 19 ಕಿಲೋದ್ದು ಇದೆ. ಆ ಅಡುಗೆಮನೆಯ ಬಾಲ್ಕನಿಯಲ್ಲಿ ನಾನು ಏಳು ಮನೆಬಳಕೆಯ ಸಿಲಿಂಡರುಗಳನ್ನು ಎಣಿಸಿದೆ. ಅದರ ನೇರ ಕೆಳಗಿನ ಕೋಣೆಯಲ್ಲಿ ಬಾಣಂತಿಯೊಬ್ಬರಿದ್ದರು.

ಹಾಗಾದರೆ ಮನೆಯಲ್ಲಿ ಯಾವ ಉದ್ಯೋಗವೂ ಕೂಡದೇ? ಈ ವಾದ ಎಷ್ಟು ಅಪಾಯಕಾರಿ ಎಂಬುದನ್ನು ದೆಹಲಿ ಕಂಡಿದೆ. 2006ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ವಾಸದ ಕಟ್ಟಡಗಳಲ್ಲಿನ ಅಕ್ರಮ ವ್ಯಾಪಾರವನ್ನು ಮುಚ್ಚಿ ಮೊಹರು ಹಾಕಲು ಆದೇಶಿಸಿತು. ದಶಕಗಳ ಕಾಲ ಕಣ್ಣುಮುಚ್ಚಿದ್ದ ಆಡಳಿತ ಒಮ್ಮೆಲೇ ಬೀಗ ಹಿಡಿದು ಹೊರಟಿತು. ದೊಡ್ಡ ಮಳಿಗೆಗಳೊಡನೆ ಗಲ್ಲಿಯ ಚಿಕ್ಕ ಅಂಗಡಿಗಳ ಬದುಕೂ ತತ್ತರಿಸಿತು. ಆ ಸೆಪ್ಟೆಂಬರಿನಲ್ಲಿ ಸೀಲಂಪುರದ ಪ್ರತಿಭಟನೆಯಲ್ಲಿ ಜೀವಗಳೇ ಹೋದವು. 2007ರ ಫೆಬ್ರವರಿಯಲ್ಲಿ ಹೊರಬಂದ ಹೊಸ ಮಹಾಯೋಜನೆ ಹಲವು ರಸ್ತೆಗಳಲ್ಲಿ ಮಿಶ್ರಬಳಕೆಯನ್ನು ಒಪ್ಪಿಕೊಂಡಿತು. ವೈದ್ಯರು, ವಕೀಲರು ಮುಂತಾದವರಿಗೆ ತಾವು ವಾಸಿಸುವ ಮನೆಯ ಒಂದು ಭಾಗದಲ್ಲಿ ವೃತ್ತಿ ನಡೆಸಲು ಅವಕಾಶ ನೀಡಿತು. ವಕೀಲರ ಕಚೇರಿ ವಾಣಿಜ್ಯ ಸಂಸ್ಥೆಯಲ್ಲವೆಂದು ಕೇರಳದ ಕಾಯ್ದೆಯೊಂದಕ್ಕೆ ಸಂಬಂಧಿಸಿ ಸರ್ವೋಚ್ಚ ನ್ಯಾಯಾಲಯವೇ 1984ರಲ್ಲಿ ಹೇಳಿತ್ತು.

ಆದುದರಿಂದ ಉದ್ಯೋಗದ ಹೆಸರಿಗಿಂತ ಅದರ ಭಾರವನ್ನು ತೂಗುವುದು ನನಗೆ ಸರಿಯೆನಿಸುತ್ತದೆ. ನನ್ನ ಅತ್ತೆಯ ಎದುರುಮನೆಯ ಹೆಣ್ಣುಮಗಳು ಹೊಲಿಗೆ ಯಂತ್ರವಿಟ್ಟುಕೊಂಡು ಇಬ್ಬರು ಮಕ್ಕಳನ್ನು ಓದಿಸುತ್ತಿದ್ದಾಳೆ. ಮೇಲಿನ ಮನೆಯ ಮೇಷ್ಟ್ರು ಸಂಜೆ ಎಂಟು ಮಕ್ಕಳಿಗೆ ಗಣಿತ ಹೇಳಿಕೊಡುತ್ತಾರೆ. ಒಬ್ಬರು ಹಲಸಿನ ಹಪ್ಪಳ ಮಾಡಿ ಮಾರುತ್ತಾರೆ (ಆಹಾರ ತಯಾರಿಸಿ ಮಾರುವವರು ಮನೆಯಲ್ಲಿದ್ದರೂ 2006ರ ಆಹಾರ ಸುರಕ್ಷತಾ ಕಾಯ್ದೆಯಡಿ ನೋಂದಾಯಿಸಿಕೊಳ್ಳಬೇಕು, ಮರೆಯಬೇಡಿ). ಇವರೆಲ್ಲ ಅಲ್ಲಿಯೇ ವಾಸಿಸುವವರು. ತೊಟ್ಟಿ ಬರಿದಾದರೆ ಅವರ ಮನೆಯ ನಲ್ಲಿಯೂ ಒಣಗುತ್ತದೆ. ದಿನಬಾಡಿಗೆಯ ವ್ಯಾಪಾರಿಗೆ ಈ ಕಷ್ಟವಿಲ್ಲ. ಕೇಂದ್ರ ಪ್ರವಾಸೋದ್ಯಮ ಇಲಾಖೆಯ ಹೋಮ್‌ಸ್ಟೇ ಯೋಜನೆಯು ಮಾಲೀಕನು ಅದೇ ಮನೆಯಲ್ಲಿ ಕುಟುಂಬದೊಂದಿಗೆ ವಾಸವಿರಬೇಕೆಂದು, ಆರು ಕೋಣೆ ಹನ್ನೆರಡು ಹಾಸಿಗೆಗಳನ್ನು ಮೀರಬಾರದೆಂದು ನಿಯಮ ಮಾಡಿದ್ದರ ಹಿಂದೆ ಇದೇ ವಿವೇಕವಿದೆ. ಯಾರೂ ವಾಸಿಸದ ಎರಡು ಮಲಗುವ ಕೋಣೆಯ ಫ್ಲ್ಯಾಟಿಗೆ ಹನ್ನೆರಡು ಹಾಸಿಗೆ ತುಂಬಿ ಅದೇ ಹೆಸರಿಟ್ಟರೆ ಅದು ಪರವಾನಗಿಯಿಲ್ಲದ ವಸತಿಗೃಹವೇ ಹೊರತು ಬೇರೇನಲ್ಲ.

ನಮ್ಮ ಪ್ರಕರಣದಲ್ಲಿ ಏನಾಯಿತೆಂದು ಹೇಳಿಬಿಡುತ್ತೇನೆ. ಘೋಷಣಾಪತ್ರದ ನಕಲು ಮತ್ತು ಈ ನೀರಿನ ಲೆಕ್ಕ ಎರಡನ್ನೂ ಹಿಡಿದು ಅತ್ತೆ ಎರಡನೆಯ ಸಭೆಗೆ ಹೋದರು. ಅಡುಗೆಕೋಣೆ ಪೇಟೆಯ ಮಳಿಗೆಯೊಂದಕ್ಕೆ ಸ್ಥಳಾಂತರವಾಯಿತು. ಪ್ರತಿ ಮನೆಗೂ ನೀರಿನ ಮಾಪಕ ಅಳವಡಿಸಿ, ಟ್ಯಾಂಕರಿನ ಖರ್ಚನ್ನು ಬಳಕೆಯಂತೆ ಹಂಚಲು ಒಪ್ಪಿದರು. ದಿನಬಾಡಿಗೆಯ ಎರಡು ಮನೆಗಳಲ್ಲಿ ಒಂದು ನಿಂತಿದೆ, ಇನ್ನೊಂದು ಸ್ಥಳೀಯ ಸಂಸ್ಥೆಯ ನೋಟೀಸಿನ ನಂತರವೂ ನಡೆಯುತ್ತಿದೆ. ಸೆಪ್ಟಿಕ್ ಟ್ಯಾಂಕನ್ನು ಖಾಲಿ ಮಾಡಿಸಿದ್ದಾರೆ, ವಿಸ್ತರಿಸಿಲ್ಲ. ಗುಡ್ಡದ ಬುಡದ ಆ ಬಾವಿಯ ನೀರಿನಲ್ಲಿ ಮಳೆಗಾಲದ ಕೊನೆಯಲ್ಲಿಯೂ ಕೋಲಿಫಾರ್ಮ್ ಬ್ಯಾಕ್ಟೀರಿಯಾ ಕಂಡುಬಂದಿತು. ಆ ಮನೆಯ ತಾಯಿ ಕುಡಿಯುವ ನೀರನ್ನು ಇಂದಿಗೂ ರಸ್ತೆಯಾಚೆಯಿಂದ ಹೊತ್ತು ತರುತ್ತಿದ್ದಾರೆ.

ಅದೇ ಇಳಿಜಾರಿನಲ್ಲಿ ಇನ್ನೂ ಒಂಬತ್ತು ತೆರೆದ ಬಾವಿಗಳಿವೆ. ಬರುವ ಭಾನುವಾರ ಬೆಳಿಗ್ಗೆ ಏಳಕ್ಕೆ ಅವುಗಳ ನೀರಿನ ಮಾದರಿ ತೆಗೆಯಲಿದ್ದೇವೆ. ಬರುವ ವಿದ್ಯಾರ್ಥಿಗಳು ಬಾಟಲಿ ತರಬೇಕಾಗಿಲ್ಲ, ಕ್ರಿಮಿಶುದ್ಧ ಮಾಡಿದವನ್ನು ನಾನೇ ತರುತ್ತೇನೆ. ಹಗ್ಗ ಮಾತ್ರ ತನ್ನಿರಿ.