ಅಂಗಳದ ಆರು ಚುಕ್ಕೆಯ ಜೀರುಂಡೆ

ಶಾಲೆಯ ನೂರು ವರ್ಷಗಳ ಇತಿಹಾಸವನ್ನು ಹಿರಿಯರು ಈಗಾಗಲೇ ಹೇಳಿದ್ದಾರೆ. ನಾವು ಈ ಅಂಗಳದ ಒಂದು ಹುಳದ ಕುರಿತು ನಾಲ್ಕು ಮಾತನಾಡಲು ಅಪ್ಪಣೆ ಬೇಡುತ್ತೇವೆ.

ಕೆಲವು ವರ್ಷಗಳ ಹಿಂದೆ, ಮುಂಗಾರಿನ ಮೊದಲ ಮಳೆಯ ಬಳಿಕ, ಇಯತ್ತೆ ಐದನೆಯ ಬಾಲಕನೊಬ್ಬ ಕಣ್ಣುಜ್ಜುತ್ತ ಓಡಿಬಂದ. “ಅಕ್ಕೋರ, ಹುಳ ಕಣ್ಣಾಗ ಉಗುಳೈತ್ರಿ!” ಕೂಡಲೇ ನಲ್ಲಿಯ ನೀರಿನಲ್ಲಿ ಬಹಳ ಹೊತ್ತು ಕಣ್ಣು ತೊಳೆಸಿ ವೈದ್ಯರಲ್ಲಿಗೆ ಕರೆದೊಯ್ದೆವು. ಪುಣ್ಯಕ್ಕೆ ಎರಡು ದಿನಗಳಲ್ಲಿ ಕಣ್ಣು ತಿಳಿಯಾಯಿತು. ಆದರೆ ನಾವು ಅಂದೇ, ಈ ಹುಳ ಕಂಡಲ್ಲಿ ಹೊಸಕಿಹಾಕಿರೆಂದು ಮಕ್ಕಳಿಗೆ ಆಜ್ಞೆ ಮಾಡಿಬಿಟ್ಟೆವು. ಇರುವೆಯನ್ನೂ ತುಳಿಯಬಾರದೆಂದು ಬಸದಿಯಲ್ಲಿ ಕೇಳಿ ಬೆಳೆದ ಮಕ್ಕಳು ಮುಖಮುಖ ನೋಡಿಕೊಂಡರು. ಮೂರನೆಯ ದಿನ ಆ ಬಾಲಕನೇ ಬಂದು ತಲೆತಗ್ಗಿಸಿ ನಿಂತ: “ನಾನ ಅದನ್ನ ಕಡ್ಡೀಲೆ ಚುಚ್ಚಿದ್ದೆ ರೀ.”

ನಾವು ಭಾಷೆಯಲ್ಲಿ ಎಂ.ಎ. ಮಾಡಿದವರು, ವಿಜ್ಞಾನದ ಪುಸ್ತಕಗಳನ್ನು ತೆರೆದದ್ದು ಆಮೇಲೆ. ಅದರ ಹೆಸರು ಅಂಥಿಯಾ ಸೆಕ್ಸ್‌ಗುಟಾಟಾ. ಲ್ಯಾಟಿನ್ನಿನಲ್ಲಿ ‘ಆರು ಹನಿಗಳುಳ್ಳದ್ದು’ ಎಂದರ್ಥ. ಡೆನ್ಮಾರ್ಕಿನ ಫ್ಯಾಬ್ರಿಸಿಯಸ್ 1775ರಲ್ಲಿಯೇ ಇದನ್ನು ವರ್ಣಿಸಿದ್ದಾನೆ. ಸುಮಾರು 4 ಸೆಂಟಿಮೀಟರ್ ಉದ್ದದ ಕಪ್ಪು ಮೈ. ಎದೆಯ ಭಾಗದ ಮೇಲೆ ಎರಡು, ಹೊರರೆಕ್ಕೆಗಳ ಮೇಲೆ ನಾಲ್ಕು ಬಿಳಿಯ ಚುಕ್ಕೆಗಳು. ರೆಕ್ಕೆಯ ಕವಚವಿದ್ದರೂ ಹಾರಲಾರದು. ನೆಲದ ಮೇಲೆ ಓಡಾಡಿ ಇತರ ಕೀಟಗಳನ್ನು ಹಿಡಿದು ತಿನ್ನುವುದೇ ಇದರ ವೃತ್ತಿ. ಕೆಣಕಿದರೆ ಹೊಟ್ಟೆಯ ತುದಿಯಿಂದ ಫಾರ್ಮಿಕ್ ಆಮ್ಲವನ್ನು ಚಿಮ್ಮಿಸುತ್ತದೆ. ಬಾಯಿಂದ ಉಗುಳುವುದಲ್ಲ! ಕಪ್ಪಿನ ಮೇಲಿನ ಆ ಬಿಳುಪು ‘ದೂರವಿರು’ ಎಂಬ ಮುನ್ಸೂಚನೆ. ಓದಲು ಬಾರದವರು ನಾವೇ.

ಈ ಕುಲದ ಬಂಧುಗಳು ಬಹುಪಾಲು ಆಫ್ರಿಕಾದಲ್ಲಿವೆ. ಅಲ್ಲಿಯ ಕಲಹಾರಿ ಮರುಭೂಮಿಯಲ್ಲಿ ಒಂದು ಜಾತಿಯ ಹಲ್ಲಿಮರಿಗಳು ಕಪ್ಪುಬಿಳುಪಿನ ವೇಷ ತೊಟ್ಟು, ಬೆನ್ನು ಬಾಗಿಸಿ, ಈ ಜೀರುಂಡೆಗಳಂತೆಯೇ ನಡೆಯುತ್ತವೆ. ಬೆಳೆದಮೇಲೆ ವೇಷ ಕಳಚಿ ಮರಳಿನ ಬಣ್ಣ ತಾಳುತ್ತವೆ. ಹ್ಯೂಯಿ ಮತ್ತು ಪಿಯಾಂಕಾ ಎಂಬ ವಿಜ್ಞಾನಿಗಳು 1977ರಲ್ಲಿ ಇದನ್ನು ಪ್ರಕಟಿಸಿದರು. ಬೆನ್ನೆಲುಬಿರುವ ಪ್ರಾಣಿ ಹುಳದ ಸೋಗು ಹಾಕುವುದನ್ನು ಕೇಳಿ ನಮ್ಮ ಮಕ್ಕಳು ವರ್ಗದಲ್ಲಿಯೇ ಬೆನ್ನು ಬಾಗಿಸಿ ನಡೆದು ತೋರಿಸಿದರು. ಅಂದು ಪಾಠ ಮುಂದೆ ಸಾಗಲಿಲ್ಲ.

ಮರುದಿನದ ಪ್ರಾರ್ಥನೆಯಲ್ಲಿ ನಮ್ಮ ಆಜ್ಞೆಯನ್ನು ಹಿಂತೆಗೆದುಕೊಂಡೆವು. ‘ನೋಡಿರಿ, ಮುಟ್ಟಬೇಡಿರಿ, ಮುಖ ಹತ್ತಿರ ಒಯ್ಯಬೇಡಿರಿ’ ಎಂಬ ಹೊಸ ನಿಯಮವಾಯಿತು.

ಈಗ ಕಟ್ಟಡ ಸಮಿತಿಯ ಹಿರಿಯರಲ್ಲಿ ಒಂದು ಬಿನ್ನಹ. ಶತಮಾನೋತ್ಸವದ ನೆನಪಿಗೆ ಇಡೀ ಅಂಗಳಕ್ಕೆ ಪೇವರ್ ಬ್ಲಾಕ್ ಹಾಕಿಸಲು ತಾವು ನಿಶ್ಚಯಿಸಿದ್ದೀರಿ. ಕೆಸರಿನಲ್ಲಿ ಜಾರಿಬೀಳುವ ಮಕ್ಕಳ ದೃಷ್ಟಿಯಿಂದ ಅದು ಬೇಕಾದದ್ದೇ. ಆದರೆ ಬೇವಿನ ಮರದ ಹಿಂದೆ, ಹಳೆಯ ಗೋಡೆ ಕೆಡವಿದ ಕಲ್ಲಿನ ರಾಶಿಯಿರುವ ಮೂಲೆಯನ್ನು ಮಣ್ಣಾಗಿಯೇ ಬಿಟ್ಟುಕೊಡಬೇಕು. ಹಾರಲಾರದ ಈ ಜೀವಿ ಅಲ್ಲಿಂದ ಎಲ್ಲಿಗೆ ಹೋದೀತು? ಅಳತೆ ಮಾಡಿಸಿದ್ದೇವೆ: ಹತ್ತು ಅಡಿ ಉದ್ದ, ಎಂಟು ಅಡಿ ಅಗಲ. ಸುತ್ತ ತಂತಿ ಕಟ್ಟಿಸುವ ವೆಚ್ಚವನ್ನು ಶಿಕ್ಷಕ ವೃಂದ ಭರಿಸಲಿದೆ. ಫಲಕ ಬರೆಯುವ ಕೆಲಸವನ್ನು ಆ ಬಾಲಕ ವಹಿಸಿಕೊಂಡಿದ್ದಾನೆ. ಈಗ ಅವನು ಇಯತ್ತೆ ಒಂಬತ್ತನೆಯಲ್ಲಿದ್ದಾನೆ.